ಸಾಣೆಯಕ್ಕನ ವರ

ಆ ಭಾನುವಾರ ಬೆಳಗ್ಗೆ ಆಲಿಕಲ್ಲು ಬಿತ್ತು. ಬಿತ್ತು ಅಂದರೆ, ನಾಲ್ಕು ಕಾಳು ಚೆಲ್ಲಿ ಮಕ್ಕಳ ಅಂಗೈಯಲ್ಲಿ ಕರಗಿಹೋಗುವ ಆಲಿಕಲ್ಲಲ್ಲ, ಮುಷ್ಟಿ ಗಾತ್ರದ್ದು. ಏಳು ಗಂಟೆಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬರಿದಾಗಿತ್ತು. ಎಂಟಕ್ಕೆ ಪಡುವಣದಲ್ಲಿ ಕಿಲುಬು ಹಿಡಿದ ಹಿತ್ತಾಳೆಯಂಥ ಮೋಡ ಎದ್ದಿತು. ಒಂಬತ್ತೂವರೆಗೆ, ಸಭೆ ಕೂಡಿ ಎರಡನೆಯ ಹಾಡು ಮುಗಿಯುವಷ್ಟರಲ್ಲಿ, ಪ್ರಾರ್ಥನಾಲಯದ ತಗಡಿನ ಸೂರಿನ ಮೇಲೆ ಮೊದಲ ಕಲ್ಲು ಬಿದ್ದು ಎಲ್ಲರ ಎದೆಯೂ ಝಲ್ಲೆಂದಿತು. ಸದ್ದಿಗೆ ಬೆದರಿ ಬೀದಿಗೆ ಓಡಿದ ನಾಯಿಯೊಂದು ತಲೆಗೆ ಪೆಟ್ಟು ತಿಂದು, ಗಿರಗಿರನೆ ಎರಡು ಸುತ್ತು ಸುತ್ತಿ, ವಾಪಸು ಬಂದು ಮೆಟ್ಟಿಲ ಮೇಲೆ ಪ್ರಾಣ ಬಿಟ್ಟಿತು.

ತಿಂಗಳ ಮೊದಲ ಭಾನುವಾರ ಆ ಸಭೆಯಲ್ಲಿ ಸ್ತೋತ್ರದ ಚೀಟಿ ಓದುವ ರೂಢಿ. ದೇವರು ಮಾಡಿದ ಉಪಕಾರವನ್ನು ಒಂದು ಚೂರು ಕಾಗದದಲ್ಲಿ ಬರೆದು ಬುಟ್ಟಿಗೆ ಹಾಕಿದರೆ, ಸಭೆಯ ಹಿರಿಯರು ಒಂದೊಂದಾಗಿ ಎತ್ತಿ ಗಟ್ಟಿಯಾಗಿ ಓದುವರು. ಜನ ಆಮೆನ್ ಅನ್ನುವರು. ಹಿರಿಯರು ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಲ್ಲರಿಗೂ ಮೇಷ್ಟರು. ಸಭಾಪಾಲಕರು ತಿಂಗಳಿಗೊಮ್ಮೆ ಬಂದುಹೋಗುವ ಆ ಸಣ್ಣ ಸಭೆಗೆ ಮೇಷ್ಟರೇ ತಾಯಿ, ಮೇಷ್ಟರೇ ತಂದೆ. ಅವರ ಓದು ಅಂದರೆ ಕಂಚಿನ ಗಂಟೆ. ಆದರೆ ಸೂರಿನ ಮೇಲೆ ಆಕಾಶವೇ ಕಲ್ಲೆಸೆಯುತ್ತಿರುವಾಗ ಗಂಟೆಯ ಆಟ ಎಷ್ಟು ನಡೆದೀತು?

"ಮಗನ ಜ್ವರ ಬಿಟ್ಟಿತು, ಸ್ತೋತ್ರ." ಆಮೆನ್. "ಕಳೆದುಹೋಗಿದ್ದ ಸೈಕಲ್ಲು ಸಿಕ್ಕಿತು, ಸ್ತೋತ್ರ." ಆಮೆನ್. ಮೇಷ್ಟರು ಮೂರನೆಯ ಚೀಟಿ ಎತ್ತಿದರು.

"ದೇವರು ನನಗೆ ಕೊಟ್ಟ ವರ, ಸ್ತೋತ್ರ."

ಅಷ್ಟು ಹೇಳುವುದಕ್ಕೂ ಸೂರು ಹರಿದು ಬಿದ್ದಂತೆ ಸದ್ದು ಇಮ್ಮಡಿಯಾಗುವುದಕ್ಕೂ ಸರಿಹೋಯಿತು. ಮೇಷ್ಟರ ತುಟಿ ಇನ್ನೊಂದು ಸಾಲಿನಷ್ಟು ಆಡಿದ್ದು ಕಂಡಿತು. ಏನೆಂದರೆಂದು ಯಾರಿಗೂ ಕೇಳಲಿಲ್ಲ. ಸದ್ದು ತುಸು ಇಳಿದಾಗ ಕಿವಿಗೆ ಬಿದ್ದದ್ದು ಚೀಟಿಯ ಕೊನೆಯ ಸಹಿ ಮಾತ್ರ: "...ಸಾಣೆಯಕ್ಕ."

 ಆಮೆನ್‌ಗೂ ಮುಂಚೆ ಹೆಂಗಸರ ಕಡೆಯಿಂದ ಒಂದು ಕೀರಲು ದನಿ ಎದ್ದಿತು: "ಅಯ್ಯೋ, ನಮ್ಮ ಸಾಣೆಯಕ್ಕಂಗೆ ವರ ಸಿಕ್ಕಿದ್ನಂತೆ ಕಣ್ರೇ!"

ವರ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಮುಖ. ದೇವರು ಕೈಯೆತ್ತಿ ಕೊಟ್ಟದ್ದೂ ವರ, ಹೆಣ್ಣಿಗೆ ಗೊತ್ತಾದ ಗಂಡೂ ವರ. ಸಾಣೆಯಕ್ಕ ಬರೆದದ್ದು ಒಂದು ಮುಖ, ಸಭೆ ಕಂಡದ್ದು ಇನ್ನೊಂದು. ಅವಳು ಏಳಬೇಕು, ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಗಂಡಸರ ಕಡೆ ಒಬ್ಬ ಎದ್ದು ನಿಂತಾಗಿತ್ತು. ಅವನು ಮಾಂಸದಂಗಡಿಯವನು. ತಲೆಗೂ ಹೆಗಲಿಗೂ ನಡುವೆ ಕುತ್ತಿಗೆ ಕಾಣದ ಅವನನ್ನು ಪೇಟೆಯೆಲ್ಲ ಗೂಳಿ ಅಂತಲೇ ಕರೆಯುತ್ತಿತ್ತು. ಹೆಂಡತಿ ಸತ್ತು ವರ್ಷವಾಗಿತ್ತು. ಅಕ್ಕಪಕ್ಕದವರು ಅವನ ಬೆನ್ನು ತಟ್ಟಿದರು, ಅವನು ಎರಡೂ ಕೈ ಮೇಲೆತ್ತಿ "ಸ್ತೋತ್ರ!" ಎಂದು ಕೂಗಿದ. ಆ ಕೂಗಿಗೆ ಮಾತ್ರ ಆಲಿಕಲ್ಲು ಅಡ್ಡಬರಲಿಲ್ಲ.

ಸಾಣೆಯಕ್ಕನಿಗೆ ಆಗ ಮೂವತ್ತೊಂಬತ್ತು. ಪೇಟೆಯ ಮಚ್ಚು, ಚಾಕು, ದರ್ಜಿಯ ಕತ್ತರಿ, ಕ್ಷೌರದ ಕತ್ತಿ ಎಲ್ಲ ಮೊಂಡಾದ ದಿನ ಅವಳ ಕೈಗೇ ಬರಬೇಕು. ಅಪ್ಪ ಬಿಟ್ಟುಹೋದ ಸಾಣೆಚಕ್ರ, ಅದನ್ನು ತಿರುಗಿಸುವ ಮೋಟಾರು, ಅಂಗಡಿಯ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮಂಚ, ಇಷ್ಟೇ ಅವಳ ಸಂಸಾರ. ಗೋಡೆಯಾಚೆ ಅಣ್ಣನ ಬೆಸುಗೆ ಶೆಡ್ಡು, ಅದರ ಮೇಲೆ ಅಣ್ಣ ಅತ್ತಿಗೆಯ ಮನೆ. ಇಪ್ಪತ್ತು ವರ್ಷದಿಂದ ಜನ ಅವಳನ್ನು "ಪಾಪ, ಇನ್ನೂ ಏನೂ ಆಗಿಲ್ಲ" ಅನ್ನುತ್ತಿದ್ದರು. ಕೇಳಿ ಕೇಳಿ ಅವಳಿಗೂ ಹಾಗೇ ಅನ್ನಿಸಿಬಿಟ್ಟಿತ್ತು: ತಾನು ಯಾವುದೋ ಮನೆಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಳಗಿಂದ ಕರೆ ಬರಲಿ ಎಂದು ಕಾದು ನಿಂತವಳು.

ಒಂದು ತಿಂಗಳ ಹಿಂದೆ ಮೇಷ್ಟರು ಗೂಳಿಯ ಪರವಾಗಿ ಮಾತು ತಂದಿದ್ದರು. "ಪ್ರಾರ್ಥನೆ ಮಾಡ್ತೀನಿ ಮೇಷ್ಟ್ರೇ," ಅಂದಿದ್ದಳು. ಆ ಸಭೆಯಲ್ಲಿ ಈ ಮಾತಿಗೆ ಅರ್ಧ 'ಬೇಡ' ಅಂತ, ಅರ್ಧ 'ನೋಡೋಣ' ಅಂತ ಅರ್ಥ. ಅವಳು ಮಾತ್ರ ಹೇಳಿದಂತೆಯೇ ಮಾಡಿದಳು. ದಿನಾ ನಸುಕಿನಲ್ಲಿ, ಮೋಟಾರು ಹಾಕುವ ಮುಂಚೆ, ತಣ್ಣಗಿನ ಚಕ್ರದ ಮೇಲೆ ಅಂಗೈಯಿಟ್ಟು ಕೇಳಿದಳು. ಮೂರನೆಯ ವಾರ ಒಂದು ಬೆಳಗ್ಗೆ ಅವಳಿಗೆ ಹೊಳೆಯಿತು: ತಾನು ಹೊಸ್ತಿಲಾಚೆ ಇಲ್ಲ, ಇಷ್ಟು ವರ್ಷವೂ ಒಳಗೇ ಇದ್ದೇನೆ. ನಡುರಾತ್ರಿ ಯಾರ ಮನೆಯಲ್ಲಿ ನರಳಿದರೂ ಹೋಗಿ ಕೂರಲು ತನಗೆ ಅಪ್ಪಣೆ ಕೇಳಬೇಕಿಲ್ಲ. ಅನಾಥರು ಸತ್ತರೆ ತೊಳೆದು ಮಲಗಿಸಲು ತನ್ನ ಕೈ ಯಾವಾಗಲೂ ಬಿಡುವು. ದೇವರು ಕರೆದರೆ 'ಬಂದೆ' ಅನ್ನಲು ಒಂದು ಗಳಿಗೆ ಸಾಕು. ಆವತ್ತು ಅವಳು ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕಿದ್ದಳು.

ಚೀಟಿಯ ಎರಡನೆಯ ಸಾಲು ಹೀಗಿತ್ತು: ಒಂಟಿ ಬಾಳು ಕೊರತೆಯಲ್ಲ, ಅದೇ ಆ ವರವೆಂದು ಹೋದ ತಿಂಗಳು ತಿಳಿಯಿತು.

ಸಭೆ ಮುಗಿದದ್ದೇ ತಡ, ಹೆಂಗಸರು ಅವಳನ್ನು ಮುತ್ತಿಕೊಂಡರು. "ಊರಿನ ಮಚ್ಚೆಲ್ಲಾ ಹರಿತ ಮಾಡಿ ಮಾಡಿ, ಕೊನೆಗೆ ಮಚ್ಚಿನ ಯಜಮಾನನ್ನೇ ಹಿಡಿದ್ಯಲ್ಲೇ!" "ನಲವತ್ತಕ್ಕಾದ್ರೂ ನಲ್ಲಿಯಲ್ಲಿ ನೀರು ಬಂತಲ್ಲ, ಬಿಡು!" ಅವಳು "ಅಲ್ಲ, ಅಲ್ಲ, ಕೇಳಿ" ಅಂದಷ್ಟೂ ನಾಚಿಕೆ ಅಂದುಕೊಂಡು ನಕ್ಕರು. ಗೂಳಿ ಜನರನ್ನು ಸರಿಸಿಕೊಂಡು ಬಂದು ಎಲ್ಲರೆದುರೇ ಅವಳ ಮಣಿಕಟ್ಟು ಹಿಡಿದ. ನಗುತ್ತಲೇ ಹಿಡಿದ, ನಗುತ್ತಲೇ ಬಿಗಿ ಮಾಡಿದ. ಎಲುಬು ಎಲುಬಿಗೆ ಉಜ್ಜಿದ ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ಅದನ್ನೂ ಜನ ಆನಂದಬಾಷ್ಪ ಅಂದುಕೊಂಡರು.

ಅವಳಿಗೆ ಅವನ ಸತ್ತ ಹೆಂಡತಿ ನೆನಪಾದಳು. ಒಮ್ಮೆ ಒಂದು ಕತ್ತರಿ ಹಿಡಿದು ಅಂಗಡಿಗೆ ಬಂದಿದ್ದಳು. ಬಲಗಣ್ಣು ಹಣ್ಣಾಗಿ ಮುಚ್ಚಿಹೋಗಿತ್ತು. "ಮೇಷ್ಟ್ರ ಹತ್ರ ಹೇಳ್ದೆ ಅಕ್ಕ. ಹೊಂದಿಕೊಂಡು ಹೋಗಮ್ಮ ಅಂದ್ರು," ಎಂದು ಕತ್ತರಿಯ ಹಿಡಿಗೆ ಬಟ್ಟೆ ಸುತ್ತುತ್ತ ಹೇಳಿದ್ದಳು. ಆಮೇಲೆ ಐದಾರು ತಿಂಗಳಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸತ್ತಳು ಅಂತ ಸುದ್ದಿ. ಜಾರಿ ಬಿದ್ದವಳ ಕುತ್ತಿಗೆಯ ಎರಡೂ ಬದಿ ಬೆರಳಿನ ಗುರುತು ಯಾಕಿತ್ತು ಅಂತ, ಮೈ ತೊಳೆದ ಸಾಣೆಯಕ್ಕ ಗಂಡಸರನ್ನು ಕೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮಣಿಕಟ್ಟು ಬಿಡಿಸಿಕೊಂಡು ಅವಳು ನೇರ ಮೇಷ್ಟರ ಹತ್ತಿರ ಹೋದಳು. "ಎರಡನೇ ಸಾಲು ಇತ್ತಲ್ಲ ಮೇಷ್ಟ್ರೇ. ಅದನ್ನ ಒಂದ್ಸಲ ಎಲ್ರಿಗೂ ಕೇಳೋ ಹಾಗೆ ಓದಿಬಿಡಿ."

ಮೇಷ್ಟರು ಕನ್ನಡಕ ಒರೆಸಿಕೊಂಡರು. "ಎರಡನೇ ಸಾಲಾ? ಆ ಗದ್ದಲದಲ್ಲಿ ನಂಗೇ ಏನೂ ತಿಳೀಲಿಲ್ಲಮ್ಮ. ಚೀಟಿ ನೆನೆದು ಹೋಯ್ತು, ಎಸೆದೆ. ನೋಡು, ದೇವರು ಏನೋ ಒಂದು ಮಾಡಿದಾನೆ. ಸುಮ್ಮನೆ ಒಪ್ಪಿಕೋ."

ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣನೂ ಅದೇ ರಾಗ ತೆಗೆದ. ನಲವತ್ತು ಹತ್ತಿರವಾದರೂ ಅವನಿಗೆ ತಂಗಿ ಇನ್ನೂ ಪುಟ್ಟಿಯೇ.

"ಹೂಂ ಅಂದ್ಬಿಡು ಪುಟ್ಟಿ. ನಾವಿಬ್ರೂ ಹೋದ್ಮೇಲೆ ನಿನ್ನ ಯಾರು ನೋಡ್ಕೋತಾರೆ? ಒಂಟಿ ಹೆಣ್ಣು ಅಂದ್ರೆ ಅರ್ಧ ಬಾಳು ಕಣೇ."

"ಕತ್ತರಿಗೆ ಎರಡು ಅಲಗು ಅಣ್ಣ. ಚಾಕುಗೆ ಒಂದೇ. ಹಾಗಂತ ಚಾಕು ಅರ್ಧ ಕತ್ತರಿನಾ? ಅದರ ಕೆಲ್ಸ ಬೇರೆ, ಇದರ ಕೆಲ್ಸ ಬೇರೆ. ನೀನೂ ಅತ್ತಿಗೇನೂ ಒಳ್ಳೇ ಕತ್ತರಿ. ನಡುವಿನ ತಿರುಪು ಬಿಗಿಯಾಗಿದೆ. ಒಬ್ರಿಗೊಬ್ರು ತಾಗ್ತೀರ, ಕುಯ್ಕೊಳ್ಳಲ್ಲ. ಅದೂ ದೇವ್ರು ಕೊಟ್ಟಿದ್ದೇ. ನಂಗೆ ಕೊಟ್ಟಿದ್ದು ಇದು."

"ತಿರುಪು ಬಿಗಿ ಇರೋದಲ್ಲ, ತುಕ್ಕು ಹಿಡಿದು ಕೂತ್ಬಿಟ್ಟಿದೆ," ಅಂದಳು ಅತ್ತಿಗೆ, ನಗಿಸಲು ನೋಡುತ್ತ.

ಅಣ್ಣ ನಗಲಿಲ್ಲ. "ಊರೆಲ್ಲಾ ಕೇಳಿಸ್ಕೊಂಡಿದೆ! ಈಗ ಬೇಡ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?" ಎಂದವನೇ ಮುಂದಿದ್ದ ಪಿಂಗಾಣಿ ತಟ್ಟೆಯನ್ನು ಗೋಡೆಗೆ ಎಸೆದ. ಚೂರೊಂದು ಹಾರಿ ಬಂದು ಸಾಣೆಯಕ್ಕನ ಗಲ್ಲ ಗೀರಿತು. ರಕ್ತ ಕಂಡು ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಯಾವತ್ತೂ ಮನೆಯಲ್ಲಿ ದನಿ ಎತ್ತದವನು ಅವನು. ಅತ್ತಿಗೆ ಬಗ್ಗಿ ಚೂರು ಆರಿಸಿದಳು. ಎದ್ದವಳು ಗಂಡನ ಮುಖವನ್ನೇ ನೋಡಿ, "ಅವಳು ಬೇಡ ಅಂದ್ರೆ ಬೇಡ," ಅಂದಳು.

ಸೋಮವಾರ ಬೆಳಗ್ಗೆ ಸಾಣೆಯಕ್ಕ ತಾನೇ ಮಾಂಸದಂಗಡಿಗೆ ಹೋದಳು. ಬೇರೆಯವರ ಬಾಯಲ್ಲಿ ಹೇಳಿ ಕಳಿಸುವುದು ಅವಳಿಗೆ ಸರಿಬರಲಿಲ್ಲ. ಗೂಳಿ ಕೊರಡಿನ ಮುಂದೆ ನಿಂತು ಪಕ್ಕೆಲುಬು ಕಡಿಯುತ್ತಿದ್ದ. ತಲೆಯ ಮೇಲೆ ಕೊಂಡಿಗಳಲ್ಲಿ ಚರ್ಮ ಸುಲಿದ ಮೈಗಳು ತೂಗುತ್ತಿದ್ದವು, ನೆಲದ ಕಾಲುವೆಯಲ್ಲಿ ನೀರು ಕೆಂಪಗೆ ಹರಿಯುತ್ತಿತ್ತು. ನಾಲ್ಕೈದು ಗಿರಾಕಿಗಳಿದ್ದರು.

"ಒಂದ್ನಿಮಿಷ ಹೊರಗೆ ಬರ್ತೀರಾ? ಮಾತಾಡಬೇಕು."

"ಇಲ್ಲೇ ಹೇಳು. ಎಲ್ಲಾ ನಮ್ಮವರೇ."

ಎರಡು ಸಲ ಕರೆದಳು. ಎರಡು ಸಲವೂ ಅವನು ಮಚ್ಚೆತ್ತಿ ಕಡಿದನೇ ಹೊರತು ಕದಲಲಿಲ್ಲ. ಕೊನೆಗೆ ಅವಳು ಅಲ್ಲೇ ಹೇಳಿದಳು: "ನಾನು ಚೀಟಿಯಲ್ಲಿ ಬರೆದ ವರ ನೀವಲ್ಲ."

"ಮತ್ತೆ ಯಾರೇ?"

"ಯಾರೂ ಅಲ್ಲ. ಒಂಟಿಯಾಗಿರೋದನ್ನೇ ವರ ಅಂತ ಬರೆದಿದ್ದೆ. ಜನಕ್ಕೆ ತಪ್ಪಾಗಿ ಕೇಳಿಸ್ತು. ನಿಮಗೆ ಮುಜುಗರ ಆಗಿದ್ರೆ ಕ್ಷಮಿಸಿ."

ಗೂಳಿ ಏನಾದರೂ ಅನ್ನುವ ಮುಂಚೆ ಗಿರಾಕಿಯೊಬ್ಬ ತಡೆಯಲಾರದೆ ಕಿಸಕ್ಕೆಂದ. "ಏನಪ್ಪಾ ಗೂಳಿ, ನಿನಗಿಂತ ಯಾರೂ ಇಲ್ದೇ ಇರೋದೇ ವಾಸಿ ಅಂದ್ಬಿಟ್ರಲ್ಲೋ!"

ಅಂಗಡಿಗೆ ಅಂಗಡಿಯೇ ನಕ್ಕಿತು. ಗೂಳಿಯೂ ಹಲ್ಲು ಬಿಟ್ಟ. ಆದರೆ ಅವನ ಮಚ್ಚು ಕೊರಡಿನೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಕೀಳಲು ಎರಡು ಕೈ ಬೇಕಾಯಿತು.

ಅದೇ ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲಿಗೆ ಬೀದಿಯಲ್ಲಿ ಹುಳ ಹುಪ್ಪಟೆಯೂ ಇಲ್ಲದ ಹೊತ್ತಿನಲ್ಲಿ, ಅವನು ಆ ಮಚ್ಚನ್ನು ಕಾಗದದಲ್ಲಿ ಸುತ್ತಿಕೊಂಡು ಅವಳ ಅಂಗಡಿಗೆ ಬಂದ.

"ಬಾಯಿ ಮುರಿದಿದೆ. ಸಾಣೆ ಹಿಡಿ."

ಅವಳ ಒಳಗಿನಿಂದ ಯಾರೋ ಬೇಡ ಅಂದರು. ಆದರೆ ಬಂದ ಕೆಲಸವನ್ನು ಬೇಡವೆಂದು ಅವಳಪ್ಪ ಯಾವತ್ತೂ ಅಂದವನಲ್ಲ, ಅವಳೂ ಅಂದವಳಲ್ಲ. ತೊಗಲಿನ ಏಪ್ರನ್ ಕಟ್ಟಿಕೊಂಡು ಮೋಟಾರು ಹಾಕಿದಳು. ಚಕ್ರ ವೇಗ ಹಿಡಿದು ಹಾಡತೊಡಗಿತು. ಅಲಗು ತಾಗಿ ಕಿಡಿ ಚಿಮ್ಮಿದಾಗ ಹಿಂದೆ ಶಟರು ಇಳಿದ ಸದ್ದು ಅವಳಿಗೆ ಕೇಳಲಿಲ್ಲ. ಅಂಗಡಿ ಇದ್ದಕ್ಕಿದ್ದಂತೆ ಕತ್ತಲಾದದ್ದು ಮಾತ್ರ ತಿಳಿಯಿತು.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಅಂಗೈ ಬಿಚ್ಚಿ ಹೊಡೆದ ಏಟು; ಆ ಕಿವಿಯಲ್ಲಿ ಲೋಕ ಸುಮ್ಮನಾಯಿತು. ಎರಡನೆಯದಕ್ಕೆ ಮಚ್ಚು ಕೈಜಾರಿ ಬಿತ್ತು, ಅವಳ ಹಣೆ ಹೋಗಿ ಚಕ್ರದ ಕಬ್ಬಿಣದ ಕಾಲಿಗೆ ಬಡಿಯಿತು. ರಕ್ತ ಹುಬ್ಬಿನಿಂದ ಕಣ್ಣಿಗಿಳಿಯಿತು. ಏಳಲು ನೋಡಿದಳು, ಅವನು ಅವಳ ಜಡೆಯನ್ನು ಹಗ್ಗದ ಹಾಗೆ ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದ.

"ದೇವ್ರ ಮುಂದೆ ಹೇಳಿ, ಜನ್ರ ಮುಂದೆ ಬೇಡ ಅಂತೀಯ? ನನ್ನ ನೋಡಿ ನಗಿಸ್ತೀಯ?" ಎಂದು ಹೊಟ್ಟೆಗೆ ಮೊಣಕಾಲು ಕೊಟ್ಟ. "ಮೊದಲನೆಯವಳೂ ಹೀಗೇ ಎದುರುತ್ತರ ಕೊಡ್ತಿದ್ಳು. ಕೊನೆಗೆ ಉತ್ತರ ನಿಂತು ಹೋಯ್ತು."

ಜಡೆ ಹಿಡಿದು ಅವಳ ಮುಖವನ್ನು ತಿರುಗುವ ಚಕ್ರದ ಕಡೆ ಬಗ್ಗಿಸಿದ. ಕಲ್ಲಿನ ಗಾಳಿ ಕೆನ್ನೆಗೆ ತಾಗಿತು. ಅವಳು ಎಡಗೈ ಅಡ್ಡ ಕೊಟ್ಟಳು. ಕಬ್ಬಿಣವಾಗಿದ್ದರೆ ಕಿಡಿ ಹಾರುತ್ತಿತ್ತು. ಮೈಯಿಂದ ಕಿಡಿ ಬರಲಿಲ್ಲ, ಹೊಗೆ ಬಂತು. ಅಂಗೈಯ ಬುಡದ ಮಾಂಸವನ್ನು ಚಕ್ರ ತಿಂದ ವಾಸನೆ ಅವಳ ಮೂಗಿಗೇ ಬಡಿಯಿತು. ಅವಳು ಕೂಗಿದ್ದು 'ಅಪ್ಪಾ' ಅಂತ. ಅದು ಸತ್ತ ಅಪ್ಪನಿಗೋ, ಮೇಲಿನ ಅಪ್ಪನಿಗೋ, ಅವಳಿಗೆ ಆಮೇಲೂ ತಿಳಿಯಲಿಲ್ಲ.

ಕೈ ಸೋತರೂ ಮೊಣಕಾಲಿಗೆ ತನ್ನ ಕೆಲಸ ಗೊತ್ತಿತ್ತು. ಮೋಟಾರಿನಿಂದ ಚಕ್ರಕ್ಕೆ ಹೋಗುವ ಬೆಲ್ಟು ಹಳೆಯದು; ಒಳಗಿನಿಂದ ಒತ್ತಿದರೆ ಜಾರಿ ಹಾರುತ್ತದೆಂದು ಇಪ್ಪತ್ತು ವರ್ಷದಿಂದ ಅವಳು ಆ ಬದಿಗೆ ಕಾಲು ತಾಗಿಸದೆ ಕೂತವಳು. ಈಗ ಮೊಣಕಾಲನ್ನು ಬೇಕೆಂದೇ ತೂರಿಸಿ ಒತ್ತಿದಳು. ಬೆಲ್ಟು ಕಳಚಿ ಹಾವಿನ ಹಾಗೆ ಎದ್ದು ಗೂಳಿಯ ಮುಖಕ್ಕೆ ಅಡ್ಡಡ್ಡ ಬಡಿಯಿತು. ಅವನು ಕಣ್ಣು ಮುಚ್ಚಿಕೊಂಡು ಗುಟುರು ಹಾಕಿದ. ಜಡೆ ಬಿಟ್ಟ ಕೈ ನೆಲ ತಡವಿ ಮಚ್ಚು ಹಿಡಿಯಿತು. ಬೀಸಿದ. ಅವಳು ಬಗ್ಗಿದಳು. ಮಚ್ಚು ಕಪಾಟಿನ ಬಾಗಿಲಿಗೆ ಇಳಿದು ನಿಂತಿತು.

ಅಷ್ಟರಲ್ಲಿ ಶಟರು ಮೇಲೆ ಹಾರಿತು. ಬೆಳಕಿನಲ್ಲಿ ಅಣ್ಣ ನಿಂತಿದ್ದ, ಕೈಯಲ್ಲಿ ಗೇಟಿಗೆ ಬೆಸೆಯಬೇಕಿದ್ದ ಕಬ್ಬಿಣದ ಸಲಾಕೆ.

ಅವನು ಏನೂ ಕೇಳಲಿಲ್ಲ. ಮೊದಲ ಏಟಿಗೆ ಗೂಳಿಯ ಮಣಿಕಟ್ಟು, ಎರಡನೆಯದಕ್ಕೆ ಮಂಡಿ. ಹಸಿ ಕಟ್ಟಿಗೆ ಮುರಿದ ಸದ್ದು. ಗೂಳಿ ಕವುಚಿ ಬಿದ್ದ. ಅಣ್ಣ ನಿಲ್ಲಿಸಲಿಲ್ಲ. ಬೆನ್ನು, ಪಕ್ಕೆ, ಮತ್ತೆ ಪಕ್ಕೆ. ದಿನವಿಡೀ ಕಬ್ಬಿಣ ಬಡಿಯುವವನ ತೋಳು ಅದು. ಒಂದೇ ಲಯದಲ್ಲಿ ಏಳುತ್ತಿತ್ತು, ಒಂದೇ ಲಯದಲ್ಲಿ ಇಳಿಯುತ್ತಿತ್ತು. ಗೂಳಿಯ ಬಾಯಿಂದ ರಕ್ತದ ಜೊತೆ ಹಲ್ಲು ಬಂತು. "ಸಾಕು ಅಣ್ಣ," ಅಂದಳು ಸಾಣೆಯಕ್ಕ. "ಸಾಕು! ಸತ್ತು ಹೋಗ್ತಾನೆ!" ಅಣ್ಣನ ಕಣ್ಣು ತೆರೆದೇ ಇತ್ತು, ಆದರೆ ಅದರೊಳಗೆ ಅಣ್ಣ ಇರಲಿಲ್ಲ. ಅವನು ಸಲಾಕೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿದ. ಈ ಸಲದ್ದು ತಲೆಗೆ ಅಂತ ಅವಳಿಗೆ ಕಂಡಿತು.

ಅವಳು ಯೋಚಿಸಲಿಲ್ಲ. ಗೂಳಿಯ ಮೇಲೆ ಅಡ್ಡ ಬಿದ್ದಳು.

ಸಲಾಕೆ ಅವಳ ಬಲಹೆಗಲಿಗೆ ಬಿತ್ತು. ತನ್ನ ಹೆಗಲೆಲುಬು ಮುರಿದದ್ದನ್ನು ಅವಳು ಕೇಳಿದಳು, ಕೇಳುವ ಆ ಒಂದೇ ಕಿವಿಯಲ್ಲಿ. ಆಮೇಲೆ ಸಲಾಕೆ ನೆಲಕ್ಕೆ ಬಿದ್ದು ಉರುಳಿದ ಸದ್ದು, ಆಮೇಲೆ ಅಣ್ಣನ ದನಿ, ಚಿಕ್ಕ ಮಗುವಿನ ಹಾಗೆ: "ಪುಟ್ಟೀ... ಪುಟ್ಟೀ, ನಾನೇನೇ ಮಾಡ್ದೆ..."

ಅವಳ ಕೆಳಗೆ ಗೂಳಿಯ ಎದೆ ಗೊರಗೊರ ಅನ್ನುತ್ತ ಏರಿಳಿಯುತ್ತಿತ್ತು. ಬದುಕಿದ್ದಾನೆ, ಅಣ್ಣನ ಕೈ ಕೊಲೆಗೆ ಬೀಳಲಿಲ್ಲ, ಸ್ತೋತ್ರ. ಅಷ್ಟು ಅಂದುಕೊಂಡದ್ದು ಅವಳಿಗೆ ನೆನಪಿದೆ.

ಆಸ್ಪತ್ರೆಯಲ್ಲಿ ಎಡ ಅಂಗೈಗೆ ತೊಡೆಯ ಚರ್ಮ ತೆಗೆದು ಹಾಕಿದರು. ಬಲತೋಳನ್ನು ಎದೆಗೆ ಬಿಗಿದು ಕಟ್ಟಿದರು. ಅತ್ತಿಗೆ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸಿ, ಅಲ್ಲಿಂದ ಠಾಣೆಗೆ ಓಡಿ ಲಾಕಪ್ಪಿನಲ್ಲಿದ್ದ ಗಂಡನಿಗೆ ಊಟ ಕೊಟ್ಟು, ಮತ್ತೆ ಓಡಿ ಬರುತ್ತಿದ್ದಳು. ಎರಡು ದಿನದಲ್ಲಿ ಅವಳ ಕಣ್ಣು ಗುಳಿ ಬಿದ್ದಿತ್ತು.

ಬುಧವಾರ ಠಾಣೆಯಲ್ಲಿ ದೂರು ಬರೆಯುವ ಪೊಲೀಸಿನವನು ವಾರ್ಡಿಗೆ ಬಂದ. ಕೆಟ್ಟವನಲ್ಲ, ಕೆಲಸ ಬೇಗ ಮುಗಿದರೆ ಸಾಕು ಅನ್ನುವವನು. ಕೆಳಗಿನ ವಾರ್ಡಿನಲ್ಲಿ ಗೂಳಿಯ ಹೇಳಿಕೆ ಆಗಲೇ ಬರೆದುಕೊಂಡಿದ್ದ.

"ನೋಡಮ್ಮ, ನಿಮಗೂ ಅವನಿಗೂ ಮದುವೆ ಗೊತ್ತಾಗಿತ್ತಂತೆ. ನೀವೇ ಚೀಟಿ ಬರೆದು ಓದಿಸಿದ್ದೀರಂತೆ, ನೂರು ಜನ ಕೇಳಿದಾರೆ. ಗಂಡು ಹೆಣ್ಣು ಏನೋ ಮಾತಿಗೆ ಮಾತು ಬೆಳೀತು, ನಿಮ್ಮಣ್ಣ ಬಂದು ಕೊಲ್ಲೋಕೆ ನೋಡ್ದ. ಹಾಗಂತ ಬರ್ಕೊಂಡಿದೀನಿ."

"ಗೊತ್ತಾಗಿರಲಿಲ್ಲ. ಅವನು ನನ್ನ ಮುಖ ಚಕ್ರಕ್ಕೆ ಕೊಟ್ಟ. ಮಚ್ಚು ಬೀಸಿದ."

"ಮನೆ ಜಗಳದಲ್ಲಿ ಎಲ್ಲಾ ಆಗುತ್ತೆ. ಗೊತ್ತಾಗಿರಲಿಲ್ಲ ಅನ್ನೋದಕ್ಕೆ ಏನಮ್ಮ ಸಾಕ್ಷಿ? ಚೀಟಿ ಇದೆಯಾ?" ಪೆನ್ನಿನ ಮುಚ್ಚಳ ಹಾಕಿದ. "ನಾಳೆ ಹತ್ತಕ್ಕೆ ಕಾಗದ ಕೋರ್ಟಿಗೆ ಹೋಗುತ್ತೆ. ಅಷ್ಟರೊಳಗೆ ಏನಾದ್ರೂ ಇದ್ರೆ ತನ್ನಿ. ಇಲ್ದಿದ್ರೆ ನಿಮ್ಮಣ್ಣ ಏಳೆಂಟು ವರ್ಷ ಒಳಗೆ. ಆ ಗೂಳಿ ಕಾಲು ನೆಟ್ಟಗಾದ ತಕ್ಷಣ ಹೊರಗೆ."

ಹೊರಗೆ ಬಂದರೆ ಎಲ್ಲಿಗೆ ಬರುತ್ತಾನೆಂದು ಹೇಳಬೇಕಾಗಿರಲಿಲ್ಲ.

ಡಾಕ್ಟರು ಬೇಡವೆಂದರೂ ಕೇಳದೆ, ಅಂದು ಸಂಜೆ ಅತ್ತಿಗೆಯ ಹೆಗಲಿಗೆ ಒರಗಿ ಸಾಣೆಯಕ್ಕ ಮೇಷ್ಟರ ಮನೆಗೆ ಹೋದಳು. ಮೇಷ್ಟರು ವರಾಂಡದ ಕುರ್ಚಿಯಲ್ಲಿದ್ದರು. ಅವಳ ಹಣೆಯ ಹೊಲಿಗೆ, ಕಟ್ಟಿದ ಕೈ, ಬಟ್ಟೆ ಸುತ್ತಿದ ಇನ್ನೊಂದು ಕೈ ಒಂದೊಂದಾಗಿ ನೋಡಿ ಕಣ್ಣು ತಗ್ಗಿಸಿದರು.

"ಎರಡನೇ ಸಾಲು ನೀವು ಓದಿದ್ರಿ ಮೇಷ್ಟ್ರೇ. ನಿಮ್ಮ ತುಟಿ ನೋಡಿದೀನಿ. ಯಾರಿಗೆ ಕೇಳದಿದ್ರೂ ನಿಮಗೆ ಕೇಳಿಸಿದೆ."

ಮೇಷ್ಟರು ಅಂದರು: "ನಿನ್ನ ಒಳ್ಳೇದಕ್ಕೇ ಸುಮ್ಮನಿದ್ದೆ ಕಣಮ್ಮ. ಮೊದಲನೇ ಮನುಷ್ಯ ಒಬ್ಬನೇ ಇರೋದು ನೋಡಿ ದೇವರೇ ಮರುಗಿ ಜೋಡಿ ಮಾಡ್ಲಿಲ್ವಾ? ನಿನಗೂ ಒಂದು ಜೋಡಿ ಆಗ್ಲಿ ಅಂತ..."

"ಮಾಡಿದ. ಚೆನ್ನಾಗೇ ಮಾಡಿದ. ಇಗೋ, ನಮ್ಮತ್ತಿಗೇನ ನೋಡಿ. ಆದ್ರೆ ಅದೇ ದೇವರ ಮಗ ಮದುವೆ ಇಲ್ದೇ ಬಾಳಿದನಲ್ಲ ಮೇಷ್ಟ್ರೇ. ಅವನಿಗೇನು ಕಮ್ಮಿ ಬಿತ್ತು?"

ಮೇಷ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

"ಗೂಳಿ ಹೆಂಡ್ತಿ ಇದೇ ವರಾಂಡಕ್ಕೆ ಬಂದಿದ್ಳು. ಮೂರು ಸಲ ಬಂದಿದ್ಳು ಅಂತ ಕೇಳಿದೀನಿ. ಪ್ರತಿ ಸಲಾನೂ ವಾಪಸ್ ಕಳಿಸಿದ್ರಿ. ಅವಳ ಮೈ ತೊಳೆದೋಳು ನಾನು."

"ನಾಲ್ಕು," ಅಂದರು ಮೇಷ್ಟರು.

"ಏನಂದ್ರಿ?"

"ನಾಲ್ಕು ಸಲ ಬಂದಿದ್ಳು."  ಮೇಷ್ಟರು ಕುರ್ಚಿಯ ತೋಳು ಹಿಡಿದು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

"ಬಾ, ಇವರ ಕೈಲಿ ಆಗಲ್ಲ," ಅಂದಳು ಅತ್ತಿಗೆ. ಇಬ್ಬರೂ ನಡೆದರು. ದಾರಿಯುದ್ದಕ್ಕೂ ಸಾಣೆಯಕ್ಕನಿಗೆ ಪ್ರಾರ್ಥನೆಯ ಮಾತೇ ಬರಲಿಲ್ಲ. ನೋವೇ ಹೆಜ್ಜೆಗೊಂದರಂತೆ ಏನನ್ನೋ ಬೇಡುತ್ತಿತ್ತು.

ಗುರುವಾರ ಒಂಬತ್ತೂವರೆಗೆ ಅವರಿಬ್ಬರೂ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಕಂಬಿಯಾಚೆ ಅಣ್ಣ ಗೋಡೆಗೊರಗಿ ಕೂತಿದ್ದ, ತಂಗಿಯ ಹೆಗಲನ್ನು ನೋಡುವುದು, ಮುಖ ತಿರುಗಿಸುವುದು, ಮತ್ತೆ ನೋಡುವುದು. ಪೊಲೀಸಿನವನು ಕಾಗದಗಳಿಗೆ ದಾರ ಕಟ್ಟುತ್ತಿದ್ದ. ಗಡಿಯಾರದ ಮುಳ್ಳು ಹತ್ತಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಬಾಗಿಲಲ್ಲಿ ಮೇಷ್ಟರು ಕಂಡರು. ಭಾನುವಾರದ ಬಿಳಿ ಅಂಗಿ ತೊಟ್ಟಿದ್ದರು. ರಾತ್ರಿ ಮಲಗಿದವರ ಮುಖವಲ್ಲ ಅದು.

"ಒಂದು ಬಿಳಿ ಹಾಳೆ ಕೊಡಪ್ಪ," ಅಂದರು.

ಪೊಲೀಸಿನವನು ಕೊಟ್ಟ. ಅವನೂ ಅವರ ಕೈಕೆಳಗೆ ಅಕ್ಷರ ಕಲಿತವನೇ ಇರಬೇಕು. ಗೊತ್ತಿಲ್ಲದೆಯೇ ಕುರ್ಚಿಯಿಂದ ಎದ್ದು ಜಾಗ ಬಿಟ್ಟ. ಮೇಷ್ಟರು ಕೂರಲಿಲ್ಲ. ನಿಂತೇ, ಮೇಜಿನ ಮೇಲೆ ಬಾಗಿ, ಕಪ್ಪುಹಲಗೆಯ ಮೇಲೆ ಬರೆಯುವ ಹಾಗೆ ಒಂದೊಂದು ಅಕ್ಷರವನ್ನೂ ದುಂಡಗೆ ಬರೆದರು. ಮೊದಲು ಚೀಟಿಯ ಎರಡು ಸಾಲು, ಅವಳು ಬರೆದಂತೆಯೇ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರ ಕೆಳಗೆ: ಎರಡನೆಯ ಸಾಲನ್ನು ನಾನು ಓದಿದೆ. ಅದು ಸಭೆಗೆ ಕೇಳಿಸದೆ ಹೋದದ್ದು ಆಲಿಕಲ್ಲಿನಿಂದ. ಆಮೇಲೆ ಹೇಳದೆ ಹೋದದ್ದು ನನ್ನಿಂದ. ಅದರ ಕೆಳಗೆ ಇನ್ನೂ ನಾಲ್ಕು ಸಾಲು, ಗೂಳಿಯ ಹೆಂಡತಿ ತಮ್ಮ ಬಳಿ ಬಂದ ನಾಲ್ಕು ದಿನ, ಆ ದಿನ ಅವಳ ಮೈಮೇಲೆ ತಾವು ಕಂಡದ್ದು. ಸಹಿ ಹಾಕಿದರು.

ಪೊಲೀಸಿನವನು ಕೈ ಚಾಚಿದ. "ಮಾತು ಅವಳದು, ಅವಳೇ ಕೊಡ್ಲಿ," ಅಂದರು ಮೇಷ್ಟರು. ಹಾಳೆಯನ್ನು ಊದಿ ಮಸಿ ಒಣಗಿಸಿ, ಬೆಂಚಿನ ಹತ್ತಿರ ಬಂದು, ಕಟ್ಟಿದ ತೋಳಿನಿಂದ ಹೊರಗೆ ಚಾಚಿದ್ದ ಅವಳ ಬೆರಳುಗಳ ನಡುವೆ ಮೆಲ್ಲಗೆ ಇಟ್ಟರು.